ಕೌಲಾಲಂಪುರದಲ್ಲಿ ಸೀಟು ಹಿಡಿದದ್ದು

ಬೆಸಗರಹಳ್ಳಿ

ನಮ್ಮ ಮನೆತನದಲ್ಲಿ ಹುಟ್ಟಿದ ಕೂಸನ್ನು ಹೊಸ ಬಟ್ಟೆಯಲ್ಲಿ ಸುತ್ತುವ ಪದ್ಧತಿಯಿಲ್ಲ. ಹೊಸ ಬಟ್ಟೆ ಗಂಜಿಯಿಂದ ಗಡುಸಾಗಿ ಎಳೆಯ ಮೈಗೆ ಒತ್ತುತ್ತದೆ ಎನ್ನುವುದು ಒಂದು ಕಾರಣ, ಕಣ್ಣು ಬೀಳುತ್ತದೆ ಎನ್ನುವುದು ಇನ್ನೊಂದು. ಮೊದಲ ದಿನ ಕೂಸು ಮಲಗುವುದು ನನ್ನ ಅತ್ತೆಯವರ ಒಂದು ಹಳೆಯ ನೂಲಿನ ಸೀರೆಯಲ್ಲಿ. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಸೀರೆ ಮಾತ್ರ ಇನ್ನೂ ಓಡಾಡಿಕೊಂಡಿದೆ.

ಒಂದು ಕಾಲಕ್ಕೆ ಅದು ದಾಳಿಂಬೆ ಬಣ್ಣದ್ದಾಗಿತ್ತಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಹಳೇ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ನನ್ನ ಗಂಡ ಕೂಸಾಗಿದ್ದಾಗ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡುವಾಗ ಕೆಂಡ ಸಿಡಿದು ಆದ ತೂತು ಒಂದು ಮೂಲೆಯಲ್ಲಿದೆ. ಇನ್ನೊಂದು ಮೂಲೆಯಲ್ಲಿ ನೀಲಿ ದಾರದ ತೇಪೆಯಿದೆ. ಅದನ್ನು ಹಾಕಿದವರು ನನ್ನ ಗಂಡನ ಅಕ್ಕ ನಿಂಗಮ್ಮನವರು. ನನಗೆ ಅತ್ತಿಗೆ. ಕೆಂಪು ದಾರ ಮುಗಿದಿತ್ತು, ಅಂಗಡಿಗೆ ಹೋಗುವಷ್ಟು ತಾಳ್ಮೆ ಅವರಿಗಿರಲಿಲ್ಲ. ಈಗ ಸೀರೆ ಇರುವುದು ಬೆಸಗರಹಳ್ಳಿಯಲ್ಲಿ, ಅತ್ತಿಗೆಯ ಟ್ರಂಕಿನಲ್ಲಿ. ನಮ್ಮ ಪೈಕಿ ಯಾರಿಗೆ ಹೆರಿಗೆಯಾದರೂ ಅಲ್ಲಿಂದ ಹೊರಡುತ್ತದೆ. ಕೂಸು ತೊಟ್ಟಿಲಿಗೆ ಬಿದ್ದ ಮೇಲೆ ಒಗೆದು ಒಣಗಿಸಿ, ಮಡಿಕೆಯೊಳಗೆ ಬೇವಿನ ಸೊಪ್ಪಿಟ್ಟು ವಾಪಸ್ ಕಳಿಸಬೇಕು. ತಡ ಮಾಡಿದರೆ ಅತ್ತಿಗೆಯೇ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

ಈ ಸಲ ಹೆರಿಗೆ ಇದ್ದದ್ದು ಅತ್ತಿಗೆಯ ಮಗಳು ಪವಿತ್ರಳಿಗೆ, ಅದೂ ನ್ಯೂಜಿಲೆಂಡಿನಲ್ಲಿ. ಅಳಿಯ ಅಲ್ಲೊಂದು ಹಸುಗಳ ಫಾರಂನಲ್ಲಿ ಹಾಲು ಕರೆಸುವ ಕೆಲಸದಲ್ಲಿದ್ದಾನೆ. ಬಾಣಂತನಕ್ಕೆ ತಾಯಿ ಹೋಗಲೇಬೇಕು. ಭಾವ ಬರುವಂತಿಲ್ಲ, ಮನೆಯ ಹಸುಗಳನ್ನು ನೋಡಿಕೊಳ್ಳಬೇಕು. ಅತ್ತಿಗೆ ಮಂಡ್ಯದ ನಮ್ಮ ಮನೆಗೆ ಬಂದು, ಸೋಫಾದ ಮೇಲೆ ಕುಳಿತು, ನೇರವಾಗಿ ಹೇಳಿದರು.

"ನೀನು ಐಸ್ಕೂಲಲ್ಲಿ ಭೂಗೋಳ ಯೇಳ್ಕೊಡಲ್ವಾ? ದಾರಿ ಗೊತ್ತಿರ್ತದೆ. ಬ್ಯಾಸ್ಗೆ ರಜಾ ಬ್ಯಾರೆ. ಜೊತೇಲಿ ಬಾ."

ಭೂಪಟದ ಮೇಲೆ ಕೋಲಿಟ್ಟು ತೋರಿಸುವುದಕ್ಕೂ ಹೋಗಿ ಬರುವುದಕ್ಕೂ ಇರುವ ಅಂತರ ನನಗೆ ಗೊತ್ತಿತ್ತು. ಆದರೂ ಒಪ್ಪಿಕೊಂಡೆ. ನನಗೂ ಒಂದು ಸ್ವಾರ್ಥವಿತ್ತು. ಮಳವಳ್ಳಿಗೆ ಕೊಟ್ಟಿರುವ ನನ್ನ ಮಗಳಿಗೆ ಶ್ರಾವಣದಲ್ಲಿ ದಿನ ತುಂಬುತ್ತಿತ್ತು, ಅವಳಿಗಿದು ಚೊಚ್ಚಲು. ಅತ್ತಿಗೆ ಮೂರು ತಿಂಗಳು ಅಲ್ಲಿಯೇ ಉಳಿಯುವವರು. ನಾನು ಸ್ಕೂಲು ತೆರೆಯುವ ಹೊತ್ತಿಗೆ ಸೀರೆಯ ಜೊತೆ ಹಿಂತಿರುಗಿದರೆ ಇಬ್ಬರ ಕೂಸಿಗೂ ಆಗುತ್ತದೆ ಎಂದು ಲೆಕ್ಕ ಹಾಕಿದೆವು.

ಹೊರಡುವ ಹಿಂದಿನ ದಿನ ಅತ್ತಿಗೆ ವೈದ್ಯನಾಥಪುರಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದರು. ನಾನು ಸೀರೆಯ ಮಡಿಕೆ ಬಿಚ್ಚಿ ಬೇವಿನ ಸೊಪ್ಪನ್ನೆಲ್ಲ ಕೊಡವಿದೆ. ನ್ಯೂಜಿಲೆಂಡಿನವರು ಒಂದು ಎಲೆಯನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದರೆ ಅತ್ತಿಗೆಗೆ ನಂಬಿಕೆ ಬರಲಿಲ್ಲ.

"ಬೇವಿನ್ ಸೊಪ್ಪಿಗೂ ವೀಸಾ ಬೇಕಾ?" ಎಂದರು.

ದೊಡ್ಡ ಪೆಟ್ಟಿಗೆಗಳು ವಿಮಾನದ ಹೊಟ್ಟೆಗೆ ಹೋದವು. ಸೀರೆಯನ್ನೂ ಅದರಲ್ಲೇ ಇಡಿ ಎಂದೆ. ಅತ್ತಿಗೆ ಕೇಳಲಿಲ್ಲ. "ಅದ್ರ ಮ್ಯಾಲೆ ಯಾರ್ಯಾರೋ ಪೆಟ್ಗೆ ಮಡಗ್ತಾರೆ. ಕೂಸ್ ಮಲಗೋ ಬಟ್ಟೆ ಕಣಮ್ಮ. ನನ್ ಮಡ್ಲಲ್ಲೇ ಬತ್ತದೆ." ಮದ್ದೂರಿನ ಜವಳಿ ಅಂಗಡಿಯವರು ಕೊಟ್ಟಿದ್ದ ಬಟ್ಟೆಯ ಚೀಲದಲ್ಲಿ ಸೀರೆ, ದಾರಿಗೆಂದು ಮದ್ದೂರು ವಡೆ, ಕೈ ಒರೆಸಲು ಒಂದು ಟವಲು. ಚೀಲ ಅತ್ತಿಗೆಯ ತೋಳಿಗೆ ಬಿತ್ತು. ಪಾಸ್‌ಪೋರ್ಟು, ಟಿಕೆಟು ನನ್ನ ಹೆಗಲಿಗೆ.

ವಿಮಾನ ನಿಲ್ದಾಣ, ಬೆಳಿಗ್ಗೆ

ಕೌಲಾಲಂಪುರದಲ್ಲಿ ಇಳಿದಾಗ ಇನ್ನೂ ತಿಂಡಿಯ ಹೊತ್ತು. ಮುಂದಿನ ವಿಮಾನ ರಾತ್ರಿ ಊಟದ ಹೊತ್ತು ದಾಟಿದ ಮೇಲೆ. ನಡುವೆ ಇಡೀ ಒಂದು ಹಗಲು. ನಾನು ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಅತ್ತಿಗೆ ಮಾತ್ರ ವಿಮಾನ ನೆಲ ಬಿಡುವ ಮೊದಲೇ ನಿದ್ದೆ ಹೋದವರು ಇಳಿದ ಮೇಲೆಯೇ ಎದ್ದದ್ದು. ಮಂಡ್ಯದಿಂದ ಬೆಂಗಳೂರಿಗೆ ರೈಲಿನಲ್ಲೂ ಹೀಗೆಯೇ ಮಾಡುತ್ತಾರೆ.

ಒಂದು ಕುರ್ಚಿಯಲ್ಲಿ ಕುಳಿತವಳು ಹಾಗೆಯೇ ಒರಗಿದೆ. ಎಚ್ಚರವಾದಾಗ ಅತ್ತಿಗೆ ಶಾಲು ಹೊದ್ದು ಮುಂದೆ ನಿಂತಿದ್ದರು. ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ತಲೆ ಬಾಚಿ ಸಿದ್ಧವಾಗಿದ್ದರು.

"ಏಳವ್ವ ಸುಮಿತ್ರ. ಸಂಜೆಗಂಟ ಇಲ್ಲೇ ಕುಂತ್ರೆ ಸೊಂಟ ಇಡ್ಕತದೆ. ಆಚೆ ಓಗಿ ಊರ್ ನೋಡ್ಕಂಡು ಬರಣ."

"ಇಲ್ಲೇ ಮಲಗೋಣ ಅತ್ತಿಗೆ."

"ಮಲಗಾಕೆ ಊರ್ನಿಂದ ಇಷ್ಟ್ ದೂರ ಬರ್ಬೇಕಿತ್ತಾ? ಒಂದ್ ದ್ಯಾಸದ ಬಾಗ್ಲಿಗೆ ಬಂದು ಒಳಿಕ್ಕೆ ಓಗ್ದಿದ್ರೆ ಎಂಗೆ?"

ಅಲ್ಲಿ ವಿಚಾರಿಸಿದೆ. ನಮ್ಮ ದೇಶದವರು ವೀಸಾ ಇಲ್ಲದೆಯೇ ಹೊರಗೆ ಹೋಗಿ ಬರಬಹುದು, ಮೊಬೈಲಿನಲ್ಲಿ ಒಂದಷ್ಟು ವಿವರ ತುಂಬಿದರೆ ಸಾಕು ಎಂದರು. ಕಿಟಕಿಯ ಹಿಂದಿದ್ದ ಅಧಿಕಾರಿ ಅತ್ತಿಗೆಯ ಮುಖವನ್ನೂ ಪಾಸ್‌ಪೋರ್ಟಿನ ಫೋಟೋವನ್ನೂ ನೋಡುವಾಗ ಅತ್ತಿಗೆಯೂ ಅವನ ಮುಖವನ್ನು ಅಷ್ಟೇ ಗಟ್ಟಿಯಾಗಿ ನೋಡಿದರು. ಅವನು ನಕ್ಕು ಠಸ್ಸೆ ಒತ್ತಿದ.

ಊರಿಗೆ ಹೋಗುವ ರೈಲು ಎಲ್ಲಿಯೂ ನಿಲ್ಲದೆ ಓಡಿತು. ಒಳಗೆ ಮೈ ನಡುಗುವಷ್ಟು ತಂಪು. ಅತ್ತಿಗೆ ಶಾಲನ್ನು ಕತ್ತಿನವರೆಗೂ ಸುತ್ತಿಕೊಂಡು ಕಿಟಕಿಗೆ ಅಂಟಿ ಕುಳಿತರು. ಹೊರಗೆ ಮೈಲಿಗಟ್ಟಲೆ ತೆಂಗಿನ ತೋಟದಂಥದ್ದು ಕಂಡಿತು.

"ಇದ್ಯಾವ್ ಜಾತಿ ತೆಂಗು?"

"ತೆಂಗಲ್ಲ ಅತ್ತಿಗೆ, ತಾಳೆ. ಎಣ್ಣೆ ತೆಗೀತಾರೆ."

"ಎಳ್ನೀರ್ ಬುಡಲ್ವಾ?"

"ಇಲ್ಲ."

ಅತ್ತಿಗೆಗೆ ಆ ಗಿಡಗಳ ಮೇಲಿದ್ದ ಗೌರವ ಅಲ್ಲಿಗೆ ಮುಗಿಯಿತು. ಮದ್ದೂರಿನ ಎಳನೀರು ಮಂಡಿಯ ಮುಂದೆ ಹಾದು ಬೆಳೆದ ಜೀವ ಅದು.

ಊರೊಳಗೆ

ಕೌಲಾಲಂಪುರದ ನಡುವೆ ಎರಡು ನದಿಗಳು ಕೂಡುತ್ತವೆ. ಕೂಡುವ ಮೂಲೆಯಲ್ಲಿ ಒಂದು ಹಳೆಯ ಮಸೀದಿ, ಸುತ್ತಲೂ ತಲೆ ಎತ್ತಿ ನೋಡಿದರೆ ಕತ್ತು ನೋಯುವ ಕಟ್ಟಡಗಳು. ಅತ್ತಿಗೆ ಕಟ್ಟಡಗಳನ್ನು ಬಿಟ್ಟು ನೀರನ್ನು ನೋಡಿದರು. ನದಿಗೆ ಎರಡೂ ಕಡೆ ಕಾಂಕ್ರೀಟಿನ ಗೋಡೆ ಕಟ್ಟಿದ್ದಾರೆ. ನೀರು ಹಾಲು ಜಾಸ್ತಿ ಹಾಕಿದ ಟೀ ಬಣ್ಣ.

"ನಮ್ ಸಿಂಸಾ ಒಳೆ ಇದ್ಕಿಂತ ವಾಸಿ. ಬಟ್ಟೆ ಒಗ್ಯಾಕಾದ್ರೂ ಇಳೀಬೋದು," ಎಂದು ತೀರ್ಪು ಕೊಟ್ಟರು.

ಅಲ್ಲಿಂದ ಮಾರುಕಟ್ಟೆಗೆ ದಾರಿ ಯಾವುದು ಎಂದು ಒಬ್ಬ ಹಿರಿಯರನ್ನು ಕೇಳಿದೆ. ಅವರು ಬೆರಳುಗಳನ್ನೆಲ್ಲ ಮಡಿಸಿ, ಹೆಬ್ಬೆಟ್ಟನ್ನು ಮಾತ್ರ ಮುಂದೆ ಚಾಚಿ, ಮೆಲ್ಲಗೆ ನಗುತ್ತ ಒಂದು ಕಡೆ ತೋರಿಸಿದರು. ನಮ್ಮ ಕಡೆ ಮಕ್ಕಳು ಹೆಬ್ಬೆಟ್ಟು ಆಡಿಸಿದರೆ ನಿನಗೇನೂ ಇಲ್ಲ, ಹೋಗು ಎಂದು ಅರ್ಥ. ಅತ್ತಿಗೆಯ ಮುಖ ಗಂಟಾಯಿತು. "ವಯಸ್ಸಾಗದೆ, ಎಂಗ್ ಆಡ್ತನೆ ನೋಡು," ಎಂದರು. ನಾನು ಅತ್ತಿತ್ತ ನೋಡಿದೆ. ರಸ್ತೆಯಲ್ಲಿ ಇನ್ನೊಬ್ಬರೂ ಯಾರಿಗೋ ಹಾಗೆಯೇ ದಾರಿ ತೋರಿಸುತ್ತಿದ್ದರು. ತೋರುಬೆರಳು ಚಾಚುವುದು ಇಲ್ಲಿ ಒರಟುತನ, ಹೆಬ್ಬೆಟ್ಟೇ ಮರ್ಯಾದೆ ಎಂದು ಆಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ಅತ್ತಿಗೆ ಆ ಹಿರಿಯರಿಗೆ ಸರಿಯಾಗಿ ಬೈದು ಮುಗಿಸಿದ್ದರು. ಪುಣ್ಯಕ್ಕೆ ಅವರಿಗೆ ಕನ್ನಡ ಬರುತ್ತಿರಲಿಲ್ಲ.

ಮಾರುಕಟ್ಟೆಯ ಹತ್ತಿರ ಕಬ್ಬಿನ ಹಾಲಿನ ಗಾಡಿಯೊಂದು ಕಂಡಿತು. ಮಂಡ್ಯದವರು ಕಬ್ಬಿನ ಗಾಡಿ ಕಂಡು ಸುಮ್ಮನೆ ಮುಂದೆ ಹೋಗಲಾರರು. ಕುಡಿಯುತ್ತೇವೋ ಇಲ್ಲವೋ, ನಿಂತು ಪರೀಕ್ಷೆ ಮಾಡಲೇಬೇಕು. ಅತ್ತಿಗೆ ಗಾಡಿಗೆ ಒರಗಿಸಿದ್ದ ಜಲ್ಲೆಯೊಂದನ್ನು ಎತ್ತಿ ಗಿಣ್ಣಿನ ಮೇಲೆ ಉಗುರು ಆಡಿಸಿದರು. ಗಾಡಿಯವನು ಸಿಪ್ಪೆ ಹೆರೆದು, ಎರಡೆರಡು ಸಲ ಮಡಿಸಿ ಯಂತ್ರಕ್ಕೆ ಕೊಟ್ಟ.

"ಸಿಪ್ಪೆ ಎರ್ದ್ಬುಟ್ರೆ ಏನ್ ರುಚಿ ಇರ್ತದೆ? ನಿಂಬೆಅಣ್ಣಿಲ್ಲ, ಸುಂಟಿ ಇಲ್ಲ."

ಅವನು ಹಾಲನ್ನು ಲೋಟಕ್ಕೆ ಹಾಕಲಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಐಸು ತುಂಬಿ, ಮೇಲೆ ಹಾಲು ಸುರಿದು, ಬಾಯಿಗೆ ದಾರ ಕಟ್ಟಿ, ಸ್ಟ್ರಾ ಚುಚ್ಚಿ ಬೆರಳಿಗೆ ತಗುಲಿಸಿದ. ಅತ್ತಿಗೆ ಅದನ್ನು ಕಣ್ಣೆತ್ತರಕ್ಕೆ ಎತ್ತಿ ನೋಡಿದರು.

"ಓಟ್ಲಲ್ಲಿ ಸಾಂಬಾರ್ ಪಾರ್ಸಲ್ ಕೊಡ್ತರಲ್ಲ, ಅಂಗದೆ."

ಒಂದು ಗುಟುಕು ಎಳೆದು ಬಾಯಲ್ಲೇ ಆಡಿಸಿದರು. ಆಮೇಲೆ, "ಸೀ ಅದೆ, ಬುಡು," ಎಂದರು. ಮಂಡ್ಯದ ಬಾಯಿಂದ ಇಷ್ಟು ಹೊಗಳಿಕೆ ಸಿಕ್ಕಿದ್ದು ಆ ಗಾಡಿಯವನ ಭಾಗ್ಯ. ನಾನೂ ನಗುತ್ತ ಕುಡಿಯುತ್ತಿದ್ದೆ. ನಿದ್ದೆಗೆಟ್ಟರೂ ಹೊರಗೆ ಬಂದದ್ದು ಒಳ್ಳೆಯದಾಯಿತು ಅನ್ನಿಸಿತ್ತು. ಅಷ್ಟರಲ್ಲಿ ಚೀಲದ ದಾರ ಸಡಿಲವಾಗಿ ಕೈಯೆಲ್ಲ ಅಂಟಾಯಿತು.

"ಅತ್ತಿಗೆ, ಆ ಟವಲ್ ಕೊಡಿ."

"ಟವಲ್ಲು ಸೀಟ್ ಮ್ಯಾಲದೆ ಕಣಮ್ಮ."

"ಯಾವ ಸೀಟು?"

"ನಮ್ ಸೀಟು. ನೀನ್ ಮಲಗಿದ್ದಾಗ ನೋಡ್ಕಬಂದೆ. ಕಿಟ್ಕಿ ತಾವು ಅದೆ, ಕಾಲ್ ಚಾಚ್ಕಳಂಗೆ ಸಂದಾಗದೆ. ಸಂಜೆಗೆ ಜನ ಜಾಸ್ತಿ ಆಯ್ತರೆ ಅಂತವ ಟವಲ್ ಆಸಿ, ಮ್ಯಾಲೆ ಚೀಲ ಮಡಗಿ, ಸೀಟ್ ಇಡ್ದು ಬಂದಿವ್ನಿ."

ಶಾಲಿನ ಕೆಳಗೆ ಅವರ ತೋಳು ಬರಿದಾಗಿತ್ತು. ಬೆಳಗಿನಿಂದ ನಾನು ಆ ಶಾಲಿನೊಳಗೆ ಚೀಲವಿದೆ ಎಂದುಕೊಂಡೇ ತಿರುಗಿದ್ದೆ.

"ಸೀರೆ?"

"ಚೀಲ್ದಲ್ಲೇ ಅದೆ. ಇನ್ನೆಲ್ಲೋಯ್ತದೆ?"

ಹಿಂದಕ್ಕೆ ಹೋಗುವ ರೈಲು

ಟವಲು ಹಾಕಿ ಸೀಟು ಹಿಡಿಯುವ ನಮ್ಮ ಪದ್ಧತಿಯನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಮದ್ದೂರು ಸ್ಟ್ಯಾಂಡಿಗೆ ಬಸ್ಸು ನುಗ್ಗುವಾಗಲೇ ಕಿಟಕಿಯಿಂದ ಟವಲೋ ಕರ್ಚೀಫೋ ಒಳಗೆ ಬೀಳುತ್ತದೆ. ಅದು ಬಿದ್ದ ಜಾಗ ಅದರ ಯಜಮಾನನದು. ಅವನು ಬಾಗಿಲಲ್ಲಿ ನೂಕಾಡಿ ಎಷ್ಟು ನಿಧಾನವಾಗಿ ಹತ್ತಿದರೂ ಸರಿ. ಬೀಡಾ ಹಾಕಿಕೊಂಡು ಬಂದರೂ ಸರಿ. ಬೇರೆಯವರು ಟವಲು ಎತ್ತಿ ಕುಳಿತರೆ ಜಗಳವಾಗುತ್ತದೆ, ಮತ್ತು ಬಸ್ಸಿನಲ್ಲಿರುವ ಎಲ್ಲರೂ ಟವಲಿನ ಪಕ್ಷ ವಹಿಸುತ್ತಾರೆ. ಮಳವಳ್ಳಿಯ ಸ್ಕೂಲಿಗೆ ಓಡಾಡುತ್ತಿದ್ದ ಕಾಲದಲ್ಲಿ ನಾನೂ ಎಷ್ಟೋ ಕರ್ಚೀಫು ಎಸೆದಿದ್ದೇನೆ. ಒಂದನ್ನೂ ಯಾರೂ ಮುಟ್ಟಿರಲಿಲ್ಲ. ಹಾಗಾಗಿ ಅತ್ತಿಗೆಯ ಮೇಲೆ ರೇಗುವ ಹಕ್ಕು ನನಗಿರಲಿಲ್ಲ. ಆದರೂ ರೇಗಿದೆ.

"ಇದು ಮದ್ದೂರಲ್ಲ ಅತ್ತಿಗೆ. ಇಂಥ ಜಾಗದಲ್ಲಿ ಜನ ಇಲ್ಲದ ಚೀಲ ಕಂಡರೆ ಬಾಂಬು ಅಂದುಕೊಂಡು ಎತ್ತಿಕೊಂಡು ಹೋಗ್ತಾರೆ."

"ಬಾಂಬಾ? ಆ ಸೀರೆ ನೋಡುದ್ರೆ ಯಾರ್ಗಾದ್ರೂ ಬಾಂಬು ಅನ್ಸದಾ?"

"ಅನ್ಸಲ್ಲ. ಬಿಚ್ಚಿ ನೋಡಿದರೆ ಕಸ ಅನ್ಸುತ್ತೆ."

ಮಾತು ಬಾಯಿಂದ ಜಾರಿದ ಮೇಲೆ ತಡೆಯಬಹುದಿತ್ತು ಅನ್ನಿಸಿತು. ಅತ್ತಿಗೆ ಶಾಲನ್ನು ಬಿಗಿಯಾಗಿ ಎಳೆದುಕೊಂಡರು. ಕಿಟಕಿಯ ಕಡೆ ತಿರುಗಿದರು. ತಾಳೆಯ ತೋಟಗಳು ಬೆಳಿಗ್ಗೆ ಓಡಿದಂತೆಯೇ ಈಗಲೂ ಹಿಂದಕ್ಕೆ ಓಡಿದವು, ಆದರೆ ಈ ಸಲ ಅವರು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ತುಟಿ ಮಾತ್ರ ಅಲುಗುವುದು ಕಂಡಿತು. ವೈದ್ಯನಾಥಪ್ಪ, ವೈದ್ಯನಾಥಪ್ಪ ಎನ್ನುತ್ತಿದ್ದರು.

ನನಗೆ ನಿಜವಾಗಿ ಭಯವಾಯಿತು. ಪಾಸ್‌ಪೋರ್ಟು ಕಳೆದಿದ್ದರೆ ಇನ್ನೊಂದು ಮಾಡಿಸಬಹುದು. ಆ ಸೀರೆಯನ್ನು ಯಾವ ಅಂಗಡಿಯಲ್ಲಿ ಕೇಳುವುದು? ನನ್ನ ಮಗಳು ಹುಟ್ಟಿದ ದಿನ ಅತ್ತೆಯವರೇ ಕೈಯಾರೆ ಅವಳನ್ನು ಅದರಲ್ಲಿ ಸುತ್ತಿ ನನ್ನ ಪಕ್ಕ ಮಲಗಿಸಿದ್ದರು. ಆ ಮಗಳ ಕೂಸಿಗೆ ಅದು ಇಲ್ಲ ಎಂದು ನಾನು ಮಳವಳ್ಳಿಗೆ ಹೋಗಿ ಹೇಗೆ ಹೇಳುವುದು? ಪವಿತ್ರಳಿಗೆ ಅವಳ ತಾಯಿ ಏನೆಂದು ಹೇಳುತ್ತಾರೆ? ಮದ್ದೂರಿನಲ್ಲಿ ರೈಲು ನಿಂತಾಗ ಬೇಗ ಹೊರಡಬಾರದೇ ಎಂದು ಎಷ್ಟೋ ಸಲ ಬೈದುಕೊಂಡಿದ್ದೇನೆ. ಎಲ್ಲೂ ನಿಲ್ಲದ ಈ ರೈಲು ಆ ದಿನ ನನಗೆ ಅದಕ್ಕಿಂತ ನಿಧಾನ ಅನ್ನಿಸಿತು.

ಕಿಟಕಿ ಪಕ್ಕದ ಸಾಲು

ತಪಾಸಣೆಯೆಲ್ಲ ದಾಟಿ ಒಳಗೆ ಓಡಿದೆವು. ಅತ್ತಿಗೆ ಮುಂದೆ, ನಾನು ಹಿಂದೆ. ಓಡುವ ಮೆಟ್ಟಿಲಿಗೆ ಬೆಳಿಗ್ಗೆ ಹೆದರಿದ್ದವರು ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೆರಡು ಹೆಜ್ಜೆ ಹತ್ತಿದರು. ಅಷ್ಟು ದೊಡ್ಡ ಜಾಗದಲ್ಲಿ ದಾರಿ ತಪ್ಪದೆ ಆ ಕಿಟಕಿಯ ಹತ್ತಿರ ಹೋಗಿ ನಿಂತರು.

ಅಲ್ಲಿ ಟವಲೂ ಇರಲಿಲ್ಲ, ಚೀಲವೂ ಇರಲಿಲ್ಲ. ಕೆಂಚು ಗಡ್ಡದ ಹುಡುಗನೊಬ್ಬ ಕಾಲು ಚಾಚಿಕೊಂಡು ಗೊರಕೆ ಹೊಡೆಯುತ್ತಿದ್ದ. ಕಾಲು ಚಾಚಿಕೊಳ್ಳುವ ಹಾಗೆ ಚೆನ್ನಾಗಿದೆ ಎಂದು ಅತ್ತಿಗೆ ಹೇಳಿದ್ದಂತೂ ಸುಳ್ಳಲ್ಲ.

ಅತ್ತಿಗೆ ಅವನ ಕುರ್ಚಿಯ ಕೆಳಗೆ ಬಗ್ಗಿ ನೋಡಿದರು. ಪಕ್ಕದ ಕಸದ ಡಬ್ಬಿಯ ಮುಚ್ಚಳ ಎತ್ತಿ ಕೈ ಹಾಕಲು ಹೋದರು. ಅದನ್ನು ಕಂಡು ಕಾವಲಿನ ಹುಡುಗಿಯೊಬ್ಬಳು ಬಂದಳು. ನಾನು ಇಂಗ್ಲಿಷಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ಬೆರಳು ಮಡಿಸಿ, ಹೆಬ್ಬೆಟ್ಟು ಚಾಚಿ ದೂರ ತೋರಿಸಿದಳು.

"ಇಲ್ಲ ಅಂದ್ಬುಟ್ಳಾ?" ಎಂದು ಅತ್ತಿಗೆ ಕೇಳಿದರು. ದನಿ ಬಿದ್ದುಹೋಗಿತ್ತು.

"ಇಲ್ಲ ಅಂದಿಲ್ಲ ಅತ್ತಿಗೆ. ದಾರಿ ತೋರಿಸ್ತಿದ್ದಾಳೆ. ಸಿಕ್ಕ ಚೀಲಗಳನ್ನೆಲ್ಲ ಆ ಕಡೆ ಇಡ್ತಾರಂತೆ."

ಕಳೆದ ವಸ್ತುಗಳ ಕೋಣೆ

ಒಂದು ಉದ್ದನೆಯ ಮೇಜು, ಅದರ ಹಿಂದೆ ತಲೆಗೆ ಬೂದು ಬಟ್ಟೆ ಸುತ್ತಿದ್ದ ನನ್ನ ವಯಸ್ಸಿನ ಹೆಂಗಸು. ಹಿಂದಿನ ಬಾಗಿಲೊಳಗೆ ಸೂಟ್‌ಕೇಸು, ಛತ್ರಿ, ಮಗುವಿನ ತಳ್ಳುಗಾಡಿ, ಯಾರದೋ ಊರುಗೋಲು ಕಂಡವು. ಊರುಗೋಲು ಮರೆತು ಹೋದವರು ಹೇಗೆ ನಡೆದರೋ ತಿಳಿಯದು.

"ಚೀಲದಲ್ಲಿ ಬೆಲೆಬಾಳುವಂಥದ್ದು ಏನಿತ್ತು?" ಎಂದು ಆಕೆ ಕೇಳಿದರು.

"ಒಂದು ಸೀರೆ."

"ರೇಷ್ಮೆಯೇ?"

"ಅಲ್ಲ, ನೂಲಿನದು. ಹಳೆಯದು."

"ಎಷ್ಟು ಹಳೆಯದು?"

"ನನಗಿಂತ ಹಳೆಯದು."

ಆಕೆ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದರು. ಗುರುತು ಹೇಳಿ ಎಂದರು. ನಾನು ಅತ್ತಿಗೆಗೆ ಕನ್ನಡದಲ್ಲಿ ಕೇಳಿದೆ. ಅತ್ತಿಗೆ ಮೇಜಿನ ಮೇಲೆ ಎರಡೂ ಕೈಯೂರಿ ಹೇಳತೊಡಗಿದರು. ಕೆಂಡದ ತೂತು ಎಲ್ಲಿದೆ, ಆ ದಿನ ಕೆಂಡ ಹಿಡಿದಿದ್ದವರು ಯಾರು, ಅವರಿಗೆ ಅವ್ವ ಏನೆಂದು ಬೈದಳು, ತೇಪೆಗೆ ನೀಲಿ ದಾರ ಯಾಕೆ, ಪವಿತ್ರ ಕೂಸಾಗಿದ್ದಾಗ ಯಾವ ಮೂಲೆಯನ್ನು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ನಾನು ತೂತು ಮತ್ತು ನೀಲಿ ದಾರ ಎರಡನ್ನೇ ಇಂಗ್ಲಿಷಿಗೆ ತಿರುಗಿಸಿದೆ. ಉಳಿದದ್ದನ್ನು ಆಕೆ ಅತ್ತಿಗೆಯ ಮುಖದಲ್ಲೇ ಓದಿಕೊಂಡಂತೆ ಕಂಡಿತು. ಎದ್ದು ಒಳಗೆ ಹೋದರು.

ಬಾಗಿಲು ಮುಚ್ಚಿತು. ಅತ್ತಿಗೆ ನನ್ನ ಮುಂಗೈ ಹಿಡಿದುಕೊಂಡರು. ಬಳೆ ಒತ್ತಿ ನೋಯುತ್ತಿತ್ತು, ಬಿಡಿಸಿಕೊಳ್ಳಲಿಲ್ಲ.

ಆಕೆ ಮೊದಲು ತಂದಿಟ್ಟದ್ದು ಟವಲು, ಆಮೇಲೆ ಚೀಲ. ತಿಂಡಿಯನ್ನು ಇಟ್ಟುಕೊಳ್ಳುವ ನಿಯಮವಿಲ್ಲ, ಎಸೆದಿದ್ದೇವೆ, ಬೇಸರ ಮಾಡಿಕೊಳ್ಳಬೇಡಿ ಎಂದರು. ಚೀಲ ಬರಿದಾಗಿತ್ತು. ಅತ್ತಿಗೆ ಅದನ್ನು ತಲೆಕೆಳಗು ಮಾಡಿ ಕೊಡವಿದರು. ಆಕೆ ಮತ್ತೆ ಒಳಗೆ ಹೋಗಿ ಎರಡೂ ಅಂಗೈ ಮೇಲೆ ಸೀರೆಯನ್ನು ಇಟ್ಟುಕೊಂಡು ಬಂದರು. ಅತ್ತಿಗೆ ಯಾವತ್ತೂ ಮಡಿಸದಷ್ಟು ಚೆಂದವಾಗಿ ಆಕೆ ಅದನ್ನು ಮಡಿಸಿದ್ದರು.

ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಹಾಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೆ, ಆ ಹೊತ್ತಿನಲ್ಲಿ ಉಸಿರು ಸರಾಗವಾಗಿ ಒಳಗೆ ಹೋದಾಗ ಅದು ಏನೆಂದು ತಿಳಿಯಿತು.

"ತಿಂಡಿ ಸುತ್ತಿದ ಬಟ್ಟೆ ಅಂದುಕೊಂಡು ಹುಡುಗರು ಇದನ್ನೂ ಎಸೆಯುವ ರಾಶಿಗೆ ಹಾಕಿದ್ದರು," ಎಂದು ಆಕೆ ಹೇಳಿದರು. "ನಾನು ಈ ತೇಪೆ ನೋಡಿ ತೆಗೆದಿಟ್ಟೆ. ಬೇಡದ ಬಟ್ಟೆಗೆ ಯಾರೂ ಇಷ್ಟು ಸಣ್ಣ ಹೊಲಿಗೆ ಹಾಕುವುದಿಲ್ಲ."

ಆಕೆ ಏನಂದರು ಎಂದು ಅತ್ತಿಗೆ ನನ್ನನ್ನು ಕೇಳಿದರು. ನಾನು ಹೇಳಿದೆ. ಅತ್ತೆ ತೀರಿಕೊಂಡ ದಿನ ಬಿಟ್ಟರೆ ನಿಂಗಮ್ಮನವರು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ. ಸೀರೆಗೆ ಮುಖ ಒತ್ತಿಕೊಂಡು ಗಟ್ಟಿಯಾಗಿ ಅತ್ತರು. ಆಕೆ ಗಾಬರಿಯಾಗದೆ ಮೇಜಿನ ಈಚೆ ಬಂದು ಪಕ್ಕದಲ್ಲಿ ನಿಂತರು. ಕೂಸಿಗೆಂದು ಒಯ್ಯುತ್ತಿರುವ ಬಟ್ಟೆ ಎಂದು ನಾನು ವಿವರಿಸಿದೆ. ಅವರ ಮನೆಯಲ್ಲೂ ಅಜ್ಜಿಯ ಹಳೆಯ ಲುಂಗಿಯಂಥ ಬಟ್ಟೆಯನ್ನು ಜೋಲಿ ಕಟ್ಟಿ ಕೂಸುಗಳನ್ನು ಮಲಗಿಸುತ್ತಾರಂತೆ. ಅದಿಲ್ಲದಿದ್ದರೆ ತಮ್ಮ ಮೊಮ್ಮಗ ನಿದ್ದೆಯನ್ನೇ ಮಾಡುವುದಿಲ್ಲ ಎಂದು ನಕ್ಕರು.

ಅತ್ತಿಗೆ ಕಣ್ಣೊರೆಸಿಕೊಂಡು ನನ್ನನ್ನು ತಿವಿದರು. "ಬರಿ ಕೈಲಿ ಎಂಗ್ ಓಗಾದು? ವಡೆನಾದ್ರೂ ಇದ್ದಿದ್ರೆ ಕೊಡಬೋದಿತ್ತು." ಕೊಡಲು ಏನೂ ಇರಲಿಲ್ಲ. ಕಡೆಗೆ ಎರಡೂ ಕೈ ಚಾಚಿ ಆಕೆಯ ಮುಖ ಸವರಿ, ತಮ್ಮ ಹಣೆಯ ಪಕ್ಕ ಬೆರಳು ಮಡಿಸಿ ನೆಟಿಕೆ ಮುರಿದರು. ಪಟಪಟನೆ ಎಲ್ಲ ಬೆರಳೂ ಸದ್ದು ಮಾಡಿದವು. ದೃಷ್ಟಿ ತೆಗೆಯುವುದು ಎಂದರೇನೆಂದು ನಾನು ಇಂಗ್ಲಿಷಿನಲ್ಲಿ ತಡವರಿಸುವಷ್ಟರಲ್ಲಿ ಆಕೆ ಅರ್ಥವಾಯಿತು ಎನ್ನುವಂತೆ ಎದೆಯ ಮೇಲೆ ಕೈಯಿಟ್ಟುಕೊಂಡರು.

ಆಮೇಲೆ ವಿಮಾನ ಹತ್ತುವವರೆಗೆ ನಾವು ಒಂದು ಕಂಬಕ್ಕೆ ಒರಗಿ ನೆಲದ ಮೇಲೆಯೇ ಕುಳಿತೆವು. ಕುರ್ಚಿಗಳು ಖಾಲಿಯಾದರೂ ಏಳಲಿಲ್ಲ. ಅಷ್ಟು ಹಾಯಾಗಿ ನಾನು ಯಾವ ಕುರ್ಚಿಯಲ್ಲೂ ಕುಳಿತಿರಲಿಲ್ಲ. ಚೀಲದ ಹಿಡಿಕೆಯನ್ನು ಅತ್ತಿಗೆ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಬೆಸಗರಹಳ್ಳಿಯಿಂದ ಭಾವ ಫೋನು ಮಾಡಿದರು.

"ಕುಂತ್ಕಳಾಕೆ ಸೀಟ್ ಸಿಕ್ತಾ?" ಅವರ ಮೊದಲ ಪ್ರಶ್ನೆ.

"ಸಿಕ್ತು, ಫೋನ್ ಮಡಗಿ," ಎಂದರು ಅತ್ತಿಗೆ.

ಪವಿತ್ರಳ ಮನೆ

ನ್ಯೂಜಿಲೆಂಡಿನ ತಪಾಸಣೆಯಲ್ಲಿ ಅಧಿಕಾರಿಯೊಬ್ಬ ಸೀರೆಯನ್ನು ಪೂರ್ತಿ ಬಿಚ್ಚಿ ಕೊಡವಿದ. ಎಲ್ಲಿ ಅಡಗಿತ್ತೋ, ಒಣಗಿದ ಬೇವಿನ ಎಲೆಯ ಒಂದು ಚೂರು ಮೇಜಿನ ಮೇಲೆ ಬಿತ್ತು. ಅವನು ಅದನ್ನು ಚಿಮಟದಲ್ಲಿ ಹಿಡಿದು ಸಣ್ಣ ಚೀಲಕ್ಕೆ ಹಾಕಿಕೊಂಡ. ಅತ್ತಿಗೆ ಎರಡೂ ಕೈ ಮುಂದೆ ಚಾಚಿದರು. ಸೀರೆ ಕೈಗೆ ಬಂದರೆ ಸಾಕಾಗಿತ್ತು, ಎಲೆ ಅವನೇ ಇಟ್ಟುಕೊಳ್ಳಲಿ.

ನಾವು ಹೋಗಿ ಕೆಲವು ದಿನಕ್ಕೆ ಪವಿತ್ರಳಿಗೆ ಹೆಣ್ಣು ಕೂಸಾಯಿತು. ಆಸ್ಪತ್ರೆಯ ಸೂಲಗಿತ್ತಿ ನಮ್ಮ ಸೀರೆಯನ್ನು ಮುಟ್ಟಿ ನೋಡಿ, ಇಷ್ಟು ಮೆತ್ತಗಿನ ಬಟ್ಟೆ ನಮ್ಮಲ್ಲಿ ಇಲ್ಲ ಎಂದು ಒಪ್ಪಿದಳು. ಅತ್ತಿಗೆಯೇ ಕೂಸನ್ನು ಸುತ್ತಿದರು. ಕಿಟಕಿಯ ಹೊರಗೆ ಹಸಿರು ಗುಡ್ಡ, ಅದರ ತುಂಬ ಹಸುಗಳು, ಸಣ್ಣ ಮಳೆ. ಕೂಸು ನಮ್ಮ ಮನೆಯ ಎಲ್ಲ ಕೂಸುಗಳಂತೆಯೇ ಒಂದು ಸಲ ಮುಖ ಕಿವುಚಿ ಮಲಗಿಬಿಟ್ಟಿತು.

ನಾನು ಹೊರಡುವ ಹಿಂದಿನ ದಿನ ಅತ್ತಿಗೆ ಸೀರೆ ಒಗೆದು, ಹೀಟರಿನ ಮುಂದೆ ಒಣಗಿಸಿ, ನಡುಮನೆಯಲ್ಲಿ ಹಾಸಿದರು. ಮಡಿಸುತ್ತಾರೆ ಎಂದುಕೊಂಡು ನಾನು ಇನ್ನೊಂದು ತುದಿ ಹಿಡಿದೆ. ಅವರು ಕತ್ತರಿ ತೆಗೆದು ಅಂಚಿನ ನಡುಭಾಗಕ್ಕೆ ಸಣ್ಣ ಕಚ್ಚು ಹಾಕಿದರು. ಎರಡೂ ಕಡೆ ಹಿಡಿದು ಎಳೆದರು. ಸೀರೆ ಸದ್ದಿಲ್ಲದೆ, ಇದಕ್ಕೇ ಕಾದಿದ್ದಂತೆ ಎರಡಾಯಿತು.

"ಅತ್ತಿಗೆ, ಏನು ಮಾಡಿಬಿಟ್ರಿ?"

"ಒಂದೇ ಸೀರೆ ಎಲ್ಡ್ ದ್ಯಾಸದ ಮಧ್ಯ ಓಡಾಡ್ತಾ ಇದ್ರೆ ಒಂದಿನ ಕಳ್ದೇ ಓಯ್ತದೆ ಕಣವ್ವ. ಅವತ್ತು ಸಿಕ್ತು, ಎಲ್ಲಾ ದಿನವೂ ಆ ತಾಯಿ ಅಲ್ಲಿ ಇರ್ತಳಾ? ಅರ್ದ ಇಲ್ಲಿ ಉಟ್ಟೋ ಕೂಸ್ಗಳ್ಗೆ ಇರ್ಲಿ. ಅರ್ದ ನೀನ್ ತಗಂಡೋಗು." ಎರಡು ತುಂಡನ್ನೂ ಬೆಳಕಿಗೆ ಹಿಡಿದು ನೋಡಿದರು. "ತೇಪೆ ಇರೋದು ನನ್ನ ಮಗ್ಳಿಗೆ. ಕೆಂಡದ್ ತೂತಿರೋದು ನಿನ್ ಗಂಡಂದು, ನಿನ್ ಮಗ್ಳಿಗೇ ಸೇರ್ಬೇಕು."

ಅತ್ತೆ ಬದುಕಿದ್ದರೂ ಹೀಗೆಯೇ ಮಾಡುತ್ತಿದ್ದರು ಅನ್ನಿಸಿತು. ನನ್ನ ಪಾಲಿನ ತುಂಡಿನ ಹರಿದ ಅಂಚನ್ನು ಅತ್ತಿಗೆ ಅಲ್ಲಿಯೇ ಕುಳಿತು ಮಡಿಸಿ ಹೊಲಿದು ಕೊಟ್ಟರು. ಪವಿತ್ರಳ ಡಬ್ಬಿಯಲ್ಲಿ ಸಿಕ್ಕಿದ್ದು ಹಸಿರು ದಾರ.

ಮಂಡ್ಯ ಬಸ್ ಸ್ಟ್ಯಾಂಡು

ವಾಪಸ್ ಬರುವಾಗಲೂ ಕೌಲಾಲಂಪುರದಲ್ಲಿ ಬಹಳ ಹೊತ್ತು ಕಾಯಬೇಕಿತ್ತು. ನಾನು ಊರು ನೋಡಲು ಹೋಗಲಿಲ್ಲ. ಕಳೆದ ವಸ್ತುಗಳ ಕೋಣೆಯವರೆಗೆ ಹೋಗಿ ನೋಡಿದೆ, ಆಕೆಗೆ ಅವತ್ತು ರಜೆಯಂತೆ. ಮೊಬೈಲಿನಲ್ಲಿದ್ದ ಕೂಸಿನ ಫೋಟೋವನ್ನು ಅಲ್ಲಿದ್ದ ಹುಡುಗನಿಗೆ ಕಳಿಸಿ, ಅವರಿಗೆ ತೋರಿಸು ಎಂದು ಹೇಳಿ ಬಂದೆ. ಆಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಕಡೆ ಕುಳಿತೆ.

ಬಂದ ಮೊದಲ ಭಾನುವಾರ ಮಗಳ ಮನೆಗೆ ಹೊರಟೆ. ಮಂಡ್ಯದಲ್ಲಿ ಮಳವಳ್ಳಿಯ ಬಸ್ಸು ಬರುತ್ತಿದ್ದಂತೆ ಜನ ನುಗ್ಗಿದರು. ಕಿಟಕಿಗಳಿಂದ ಟವಲು, ಕರ್ಚೀಫು, ಒಂದು ಛತ್ರಿ ಒಳಗೆ ಬಿದ್ದವು. ಆ ನೂಕುನುಗ್ಗಲು ಕಂಡು ನನಗೆ ಊರು ಸೇರಿದೆ ಎಂದು ಸಮಾಧಾನವಾಯಿತು. ಪರಿಚಯದವರೊಬ್ಬರು ಕಿಟಕಿಯ ಹತ್ತಿರ ನಿಂತು ಕೈ ಚಾಚಿದರು.

"ಟೀಚರಮ್ಮ, ಆ ಚೀಲ ಇತ್ಲಾಗ್ ಕೊಡಿ. ಒಳಿಕ್ಕೆ ಆಕಿ ಸೀಟ್ ಇಡೀತೀನಿ."

"ಬೇಡಿ," ಎಂದು ಚೀಲವನ್ನು ಎದೆಗೆ ಅವುಚಿಕೊಂಡೆ.

ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತೆ. ಬಸ್ಸು ತಿರುಗಿದಲ್ಲೆಲ್ಲ ಜನ ಮೈಮೇಲೆ ಬೀಳುತ್ತಿದ್ದರು. ಟಿಕೆಟು ಕೊಡುತ್ತ ಬಂದ ಕಂಡಕ್ಟರು ನನ್ನನ್ನೂ ಚೀಲವನ್ನೂ ನೋಡಿದ.

"ವಸಿ ಕೆಳಿಕ್ಕೆ ಮಡಗಿ ಟೀಚರೇ, ಒಂದು ಕೈಲಿ ಎಷ್ಟೊತ್ತು ನಿಂತ್ಕತೀರಿ? ಅದೇನ್ ಒಳಗೆ, ಕೂಸಾ?"

"ಇನ್ನೂ ಇಲ್ಲ," ಎಂದೆ. "ಶ್ರಾವಣಕ್ಕೆ."